ಮಾವನ ಸಕ್ಕರೆ ಪುಸ್ತಕ

ನಮ್ಮ ಮಾವನಿಗೂ ನನಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಅವರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಜಗಳಕ್ಕೊಂದು ಹೊತ್ತು ಗೊತ್ತಾಯಿತು, ಅಷ್ಟೇ. ಮಧ್ಯಾಹ್ನ ಮೂರು ಗಂಟೆ. ನಾನು ಕೆಲಸದಿಂದ ಬಂದು, ಕೈಕಾಲು ತೊಳೆದು, ಚೀಲದಿಂದ ಸಕ್ಕರೆ ನೋಡುವ ಮೀಟರು ತೆಗೆದು ಅವರ ಎದುರು ಸ್ಟೂಲು ಎಳೆದುಕೊಂಡು ಕೂರುವ ಹೊತ್ತು.

"ಬೆರಳು ಕೊಡಿ ಮಾವ."

"ಯಾವುದು ಬೇಕು? ಎಲ್ಲಾ ಜರಡಿ ಆಗಿದೆ. ಆರಿಸ್ಕೋ."

ಹತ್ತಿಯಿಂದ ಬೆರಳ ತುದಿ ಒರೆಸುತ್ತಿದ್ದೆ, ಚುಚ್ಚುತ್ತಿದ್ದೆ, ಮೊದಲ ಹನಿಯನ್ನು ಅದೇ ಹತ್ತಿಯಿಂದ ಒರೆಸಿ ಎರಡನೆಯ ಹನಿಯನ್ನು ಮೀಟರಿನ ಪಟ್ಟಿಗೆ ಮುಟ್ಟಿಸುತ್ತಿದ್ದೆ. ಐದು ಎಣಿಸುವಷ್ಟರಲ್ಲಿ ಅಂಕಿ ಬರುತ್ತಿತ್ತು. ಇನ್ನೂರೆಪ್ಪತ್ತು. ಇನ್ನೂರ ತೊಂಬತ್ತು. ಒಂದು ದಿನ ಮುನ್ನೂರ ಒಂದು.

"ಏನು ತಿಂದ್ರಿ?"

"ನೀನು ಹಾಕಿದ್ದು ತಿಂದೆ."

"ನಾನು ಹಾಕಿದ್ದಕ್ಕೆ ಮುನ್ನೂರು ಬರಲ್ಲ. ಮೆಷಿನ್ ಸುಳ್ಳು ಹೇಳುತ್ತಾ?"

"ಹೇಳುತ್ತೆ," ಎನ್ನುತ್ತಿದ್ದರು ಮಾವ. "ಐವತ್ತು ವರ್ಷ ಮೆಷಿನ್ ರಿಪೇರಿ ಮಾಡಿದೀನಿ ಮಹಾತಾಯಿ. ಮೆಷಿನ್ ಬೇಕಾದಷ್ಟು ಸುಳ್ಳು ಹೇಳುತ್ತೆ. ಹೇಳಿಸೋ ಕೈ ಬೇಕು, ಅಷ್ಟೇ."

ಆ ಮಾತು ನನಗೆ ಅಂದೇ ಅರ್ಥವಾಗಬೇಕಿತ್ತು. ಆಗಲಿಲ್ಲ. ನನ್ನ ಕೈಗೆ ಬೈದರು ಎಂದುಕೊಂಡು ಆ ರಾತ್ರಿ ಅವರ ತಟ್ಟೆಯನ್ನು ಕುಕ್ಕಿ ಇಟ್ಟೆ.

ಮಾವ ಹೊಲಿಗೆ ಮಿಷನ್ ರಿಪೇರಿ ಮಾಡುವವರು. ಬೀದಿಯ ಕಡೆಯ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡಂತೆ ಅವರ ಮೇಜು. ಅದರ ಮೇಲೆ ಬಿಚ್ಚಿಟ್ಟ ಮಿಷನ್ನಿನ ತಲೆ, ಎಣ್ಣೆಯ ಡಬ್ಬಿ, ಬೆರಳುಗುರಿನಷ್ಟು ಸಣ್ಣ ತಿರುಪುಗಳು ತುಂಬಿದ ಬಟ್ಟಲು. ಬೀದಿಯ ದರ್ಜಿಗಳಿಗೆಲ್ಲ ಅವರು ಮಿಷನ್ ಮಾವ. ಆದರೆ ಈ ವರ್ಷ ಎಡಗಣ್ಣು ಪೂರ್ತಿ, ಬಲಗಣ್ಣು ಮುಕ್ಕಾಲು ಪೊರೆ ಕಟ್ಟಿತ್ತು. ತಿರುಪಿನ ಗೀಟನ್ನು ಉಗುರಿನಿಂದ ತಡವಿ ಹುಡುಕುತ್ತಿದ್ದರು. ಬಟ್ಟಲು ಉರುಳಿದರೆ ನೆಲದ ಮೇಲೆ ಮೊಣಕಾಲೂರಿ ಅಂಗೈಯಲ್ಲಿ ಸವರುತ್ತಾ ಹೋಗುತ್ತಿದ್ದರು. ನಾನು ಹೆಕ್ಕಿಕೊಡಲು ಹೋದರೆ, "ಮುಟ್ಟಬೇಡ. ನೀನು ಮುಟ್ಟಿದ್ದು ಎರಡು ದಿನ ಸಿಗಲ್ಲ," ಎನ್ನುತ್ತಿದ್ದರು.

ಪೊರೆ ತೆಗೆಸಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮೇಜು ಗುಜರಿಗೆ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಸಕ್ಕರೆ ಹತೋಟಿಗೆ ಬರಲಿ. ದಿನದಿನದ ಅಂಕಿ ಪುಸ್ತಕದಲ್ಲಿ ಬರೆದು ತನ್ನಿ. ಅಲ್ಲೀವರೆಗೆ ನಾನು ಕಣ್ಣು ಮುಟ್ಟಲ್ಲ."

ಪುಸ್ತಕ ಮಾಡಿದವರು ಮಾವನೇ. ಮಕ್ಕಳ ಹಳೆಯ ನೋಟುಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಸೇರಿಸಿ, ಮಧ್ಯೆ ಮಿಷನ್ನಿನಲ್ಲಿ ಹೊಲಿಗೆ ಹೊಡೆದು, ರಟ್ಟು ಹಚ್ಚಿ ಕೊಟ್ಟರು. "ನಲವತ್ತೆಂಟು ಹಾಳೆ ಇದೆ. ಒಂದು ಕಿತ್ತರೂ ಹೊಲಿಗೆ ಬಿಡುತ್ತೆ, ನನಗೆ ಗೊತ್ತಾಗುತ್ತೆ," ಎಂದರು. ಕಾಗದ ಕೊಡುವಾಗಲೂ ಎಚ್ಚರಿಕೆ ಕೊಟ್ಟೇ ಕೊಡುವ ಜನ ಅವರು.

ಮೊದಲ ತಿಂಗಳು ಅಂಕಿಗಳು ಸಾಧುವಾಗಿದ್ದವು. ನೂರ ನಲವತ್ತು, ನೂರ ಐವತ್ತೈದು. ಆಗ ಮೀಟರು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇರುತ್ತಿತ್ತು. ಒಂದು ದಿನ ಬಂದು ನೋಡುತ್ತೇನೆ, ಮೇಜಿನ ಮೇಲೆ ಮೀಟರು ಮೀನಿನ ಹಾಗೆ ಸೀಳಿಕೊಂಡು ಬಿದ್ದಿದೆ! ಹಿಂಬದಿಯ ಮುಚ್ಚಳ ಒಂದು ಕಡೆ, ಹಸಿರು ಹಲಗೆ ಒಂದು ಕಡೆ.

"ಏನ್ ಮಾಡ್ತಿದೀರಿ ಮಾವ?"

"ಒಳಗೆ ಏನಿದೆ ನೋಡ್ತಿದ್ದೆ. ಏನೂ ಇಲ್ಲ ಕಣೆ. ಒಂದು ಸ್ಪ್ರಿಂಗೂ ಇಲ್ಲ."

ಪಟ್ಟಿಯ ಡಬ್ಬಿಯಲ್ಲಿ ಏಳು ಪಟ್ಟಿ ಕಡಿಮೆ ಇದ್ದವು. ಪಕ್ಕದ ಮನೆಯ ದರ್ಜಿ ಹೆಂಗಸಿನ ಬೆರಳಿಗೂ, ಸಾಮಾನು ತಂದುಕೊಟ್ಟವನ ಬೆರಳಿಗೂ ಚುಚ್ಚಿ ನೋಡಿದ್ದರಂತೆ! ನನಗೆ ತಲೆ ಕೆಟ್ಟುಹೋಯಿತು. ಇಷ್ಟು ದಿನ ಬಂದ ನೂರ ಐವತ್ತೆಲ್ಲ ಇವರ ಕೈಚಳಕವೇ ಎಂದು ನಿಶ್ಚಯಿಸಿಕೊಂಡೆ. ಹೊಸ ಮೀಟರು ತಂದೆ. ಅಂದಿನಿಂದ ಮೀಟರು, ಪಟ್ಟಿ, ಚುಚ್ಚುವ ಸೂಜಿ, ಹತ್ತಿಯ ಸುರುಳಿ ಎಲ್ಲವೂ ನನ್ನ ಕೈಚೀಲದಲ್ಲಿ. ಬೆಳಿಗ್ಗೆ ನನ್ನ ಜೊತೆ ಹೋಗಿ ಮಧ್ಯಾಹ್ನ ನನ್ನ ಜೊತೆ ಬರುತ್ತಿದ್ದವು.

ನಾನು ಗ್ಲೂಕೋಸ್ ಪುಡಿಯ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕಡೆ ಇದ್ದೇನೆ. ಬೆಳಿಗ್ಗೆ ಆರರಿಂದ ಎರಡು. ಕೊಳವೆಯಿಂದ ಪುಡಿ ಸುರಿಯುತ್ತದೆ, ತೂಕ ನೋಡಿ, ಅಂಚು ಒರೆಸಿ, ಮುಚ್ಚಳ ಒತ್ತಿ ಮುಂದೆ ತಳ್ಳಬೇಕು. ಮುಖಕ್ಕೆ ಬಟ್ಟೆ, ಕೈಗೆ ಗವಸು, ತಲೆಗೆ ಟೋಪಿ. ಆದರೂ ಹುಬ್ಬು ಬೆಳ್ಳಗಾಗಿರುತ್ತದೆ. ಮನೆಗೆ ಬಂದರೆ ನನ್ನ ಚಿಕ್ಕವಳು, "ಅಜ್ಜಿ ಬಂತು, ಅಜ್ಜಿ ಬಂತು," ಎಂದು ಕುಣಿಯುತ್ತಾಳೆ. ಕಾರ್ಖಾನೆಯಲ್ಲಿ ಸಾಮಾನಿಡುವ ನನ್ನ ಕಪಾಟಿನ ಬಾಗಿಲು ಮುರಿದು ವರ್ಷವಾಯಿತು. ಚೀಲವನ್ನು ನಾನು ನಿಲ್ಲುವ ಜಾಗದ ಹಿಂದಿನ ಮೊಳೆಗೇ ತಗುಲಿಹಾಕುತ್ತೇನೆ.

ಚೀಲಕ್ಕೆ ಮೀಟರು ಬಂದ ಮೂರನೇ ದಿನವೇ ಇನ್ನೂರ ಅರವತ್ತೆಂಟು ಬಂತು. ನೋಡಿ, ಬಣ್ಣ ಬಯಲಾಯಿತು ಎಂದುಕೊಂಡೆ. ಕೆಂಪು ಪೆನ್ನು ತೆಗೆದುಕೊಂಡು ಅಂಕಿಯ ಪಕ್ಕದಲ್ಲೇ ಬರೆದೆ: "ಕದ್ದು ತಿಂದಿದ್ದಾರೆ." ಮಾವನಿಗೆ ಓದಲಾಗುತ್ತಿರಲಿಲ್ಲ. ಡಾಕ್ಟರು ಓದಲಿ ಎಂದೇ ಬರೆದದ್ದು. ಆಮೇಲೆ ಅದೊಂದು ಚಟವಾಯಿತು. "ಇನ್ನೂರ ಎಂಬತ್ತು. ಬಿಸ್ಕತ್ತಿನ ಡಬ್ಬಿ ಜರುಗಿದೆ." "ಮುನ್ನೂರ ಒಂದು. ಕೇಳಿದರೆ ರೇಗಾಟ." "ಇನ್ನೂರ ಎಪ್ಪತ್ತೈದು. ಈ ಹಟಕ್ಕೆ ಮದ್ದಿಲ್ಲ."

ಸಕ್ಕರೆ ಡಾಕ್ಟರು ಪುಸ್ತಕ ನೋಡಿದರು. ಅರ್ಧ ಇದ್ದ ಮಾತ್ರೆ ಒಂದಾಯಿತು. ಹದಿನೈದು ದಿನ ಬಿಟ್ಟು ಫೋನಿನಲ್ಲಿ ಅಂಕಿ ಓದಿ ಹೇಳಿದೆ, ಒಂದು ಎರಡಾಯಿತು. ಕಣ್ಣಿನ ಡಾಕ್ಟರು ಕೊಟ್ಟಿದ್ದ ದಿನಾಂಕ ತಾನಾಗಿ ಬಿದ್ದುಹೋಯಿತು.

"ನನ್ನ ಕಣ್ಣಿಗೆ ನೀನೇ ಅಡ್ಡ ಕೂತಿದೀಯ," ಎಂದರು ಮಾವ.

"ನಿಮ್ಮ ನಾಲಿಗೆ ಅಡ್ಡ ಕೂತಿದೆ," ಎಂದೆ.

ಮಾತ್ರೆ ಹೆಚ್ಚಾದಂತೆ ಮಾವನ ಸಿಟ್ಟೂ ಹೆಚ್ಚಾಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಅವರ ಹತ್ತಿರ ಯಾರೂ ಸುಳಿಯುವಂತಿಲ್ಲ ಎಂದು ಪಕ್ಕದ ದರ್ಜಿ ಹೆಂಗಸು ಹೇಳಿದಳು. ರಿಪೇರಿಗೆ ಕೊಟ್ಟ ಅವಳ ಮಿಷನ್ ಕೇಳಲು ಬಂದರೆ ಸ್ಕ್ರೂಡ್ರೈವರನ್ನು ಗೋಡೆಗೆ ಎಸೆದರಂತೆ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು, ಕೈ ನಡುಕ. ನನ್ನ ಹತ್ತಿರವೂ ಒಮ್ಮೆ ಹೇಳಿದರು, ಆ ದನಿಯಲ್ಲಿ ಜಗಳ ಇರಲಿಲ್ಲ: "ಕೈ ನಡುಗುತ್ತೆ ಕಣೆ. ಹೊಟ್ಟೆಯೊಳಗಿಂದ ಯಾರೋ ಎಳೆದ ಹಾಗಾಗುತ್ತೆ."

"ಮುನ್ನೂರು ಏರಿಸ್ಕೊಂಡ್ರೆ ನಡುಗದೆ ಇನ್ನೇನು?" ಎಂದು ಎದ್ದುಹೋದೆ. ದೊಡ್ಡವನ ಶಾಲೆಯ ಬಟ್ಟೆ ನೆನೆಹಾಕಬೇಕಿತ್ತು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಹಣೆಯ ಮೇಲೆ ನಿಂಬೆ ಗಾತ್ರದ ಗುಬುಟು ಬಂತು. ಲಾರಿ ಓಡಿಸುವ ನನ್ನ ಗಂಡ ವಾರದಲ್ಲಿ ಐದು ದಿನ ರಸ್ತೆಯ ಮೇಲೇ ಇರುತ್ತಾರೆ. ಫೋನು ಮಾಡಿದರೆ, "ಇಬ್ಬರೂ ಸೇರಿ ನನ್ನ ಕಿವಿ ತಿನ್ನಬೇಡಿ, ಅವರಿಗೆ ನೀನು ಬುದ್ಧಿ ಹೇಳು, ನಿನಗೆ ಅವರು ಹೇಳಲಿ," ಎಂದು ಇಟ್ಟುಬಿಟ್ಟರು.

ಅದೇ ವಾರ ಮೇಜು ಒರೆಸುವಾಗ ಸೂಜಿ ಇಡುವ ತಗಡಿನ ಡಬ್ಬಿ ಗಲಗಲ ಎಂದಿತು. ಸೂಜಿಯ ಸದ್ದು ಹಾಗಿರುವುದಿಲ್ಲ. ತೆರೆದರೆ ಹತ್ತೊಂಬತ್ತು ಪೆಪ್ಪರಮಿಂಟು, ಹೊಳೆಯುವ ಕಾಗದದಲ್ಲಿ ಸುತ್ತಿದವು.

"ಇದೇನು ಮಾವ, ಹೊಸ ನಮೂನೆ ಸೂಜಿನಾ?"

ಮಾವ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಅಲ್ಲಿಡು. ನಡುಕ ಬಂದಾಗ ಒಂದು ಹಾಕ್ಕೊಂಡ್ರೆ ನಿಲ್ಲುತ್ತೆ."

"ಕಳ್ಳನಿಗೊಂದು ಪಿಳ್ಳೆ ನೆವ! ಇದನ್ನ ಡಾಕ್ಟರ ಮುಂದೇ ಇಡ್ತೀನಿ."

"ಇಡು. ನಿನ್ನಂಥ ಸೊಸೆ ಶತ್ರುವಿಗೂ ಬೇಡ."

"ನಿಮ್ಮಂಥ ಮಾವನೂ ಅಷ್ಟೇ."

ಡಬ್ಬಿ ನನ್ನ ಚೀಲ ಸೇರಿತು.

ಮೂರು ತಿಂಗಳಿಗೊಮ್ಮೆ ಮಾಡಿಸುವ ರಕ್ತ ಪರೀಕ್ಷೆಯ ದಿನ ಬಂದೇಬಂತು. ಬೆರಳಿನ ಪರೀಕ್ಷೆ ಹೇಳುವುದು ಆ ಕ್ಷಣದ ಸಂಗತಿ ಮಾತ್ರ. ಇದು ಹಾಗಲ್ಲ. ತೋಳಿನಿಂದ ರಕ್ತ ತೆಗೆಯುವಾಗ ಕ್ಲಿನಿಕ್ಕಿನ ಲ್ಯಾಬಿನಾಕೆ ಮಾವನಿಗೆ ವಿವರಿಸಿದಳು. ಕನ್ನಡಕವನ್ನು ದಾರ ಕಟ್ಟಿ ಎದೆಗೆ ಇಳಿಬಿಟ್ಟುಕೊಂಡ, ಬಾಯಿ ಜೋರಿನ ಹೆಂಗಸು. "ಅಜ್ಜ, ರಕ್ತದ ಕಣಕ್ಕೆ ಸಕ್ಕರೆ ಅಂಟ್ಕೊಂಡು ಕೂತಿರುತ್ತೆ. ಕಣ ಸಾಯೋ ತನಕ ಬಿಡಲ್ಲ. ಎರಡು ಮೂರು ತಿಂಗಳಿಂದ ನೀವೇನು ಮಾಡಿದ್ರಿ ಅಂತ ಎಲ್ಲಾ ಚಾಡಿ ಹೇಳುತ್ತೆ ಇದು. ಹಿಂದಿನ ದಿನ ಉಪವಾಸ ಮಾಡಿದ್ರೂ ತಪ್ಪಿಸ್ಕೊಳ್ಳೋಕಾಗಲ್ಲ."

"ಹೇಳಲಿ," ಎಂದರು ಮಾವ. "ಸದ್ಯ, ಚಾಡಿ ಹೇಳೋಕೆ ಮನೆಯವರಲ್ಲದೆ ಇನ್ನೊಬ್ಬರು ಸಿಕ್ಕರು."

ಎರಡು ದಿನ ಬಿಟ್ಟು ವರದಿಗಾಗಿ ಹೋದೆವು. ನಾನು ರಜೆ ಹಾಕಿದ್ದೆ. ಬೆಳಿಗ್ಗೆ ಏಳಕ್ಕೆ ಮಾವ ತಿಂಡಿ ತಿಂದು ಎರಡು ಮಾತ್ರೆ ನುಂಗಿದ್ದರು. ನಮ್ಮ ಸರದಿ ಬಂದಾಗ ಹನ್ನೊಂದು. ಕೂತ ಜಾಗದಲ್ಲೇ ಬೆವರುತ್ತಿದ್ದರು. ವರದಿಯ ಭಯ ಎಂದುಕೊಂಡೆ, ಒಳಗೊಳಗೆ ಖುಷಿಯೂ ಆಯಿತು. ಡಾಕ್ಟರ ಮೇಜಿನ ಮೇಲೆ ಪುಸ್ತಕ ಇಟ್ಟೆ, ಅದರ ಮೇಲೆ ಪೆಪ್ಪರಮಿಂಟಿನ ಡಬ್ಬಿ ಇಟ್ಟೆ.

ಡಾಕ್ಟರು ಪುಸ್ತಕ ನೋಡಿದರು, ವರದಿ ನೋಡಿದರು, ಮತ್ತೆ ಪುಸ್ತಕ ನೋಡಿದರು.

"ಮೂರು ತಿಂಗಳ ಈ ಲೆಕ್ಕ ಹೋದ ಸಲ ಏಳೂವರೆ ಇತ್ತು. ಈಗ ಐದು ಪಾಯಿಂಟ್ ನಾಲ್ಕು."

"ಅಂದ್ರೆ ಇನ್ನೂ ಜಾಸ್ತಿನೇ ಅಲ್ವಾ?"

"ಅಲ್ಲಮ್ಮ. ಇವರ ವಯಸ್ಸಿಗೆ, ಈ ಮಾತ್ರೆಗೆ, ತೀರಾ ಕಡಿಮೆ. ದಿನಾ ಇನ್ನೂರೆಪ್ಪತ್ತು ಇರೋರಿಗೆ ಈ ಅಂಕಿ ಬರೋಕೆ ಸಾಧ್ಯನೇ ಇಲ್ಲ. ಎರಡರಲ್ಲಿ ಒಂದು ಸುಳ್ಳು."

"ಲ್ಯಾಬಿನದೇ ಸುಳ್ಳು. ಟ್ಯೂಬು ಬದಲಾಗಿದೆ," ಎಂದೆ.

ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದ ಲ್ಯಾಬಿನಾಕೆಗೆ ಅದು ಕೇಳಿಸಿತು. "ಅಮ್ಮಾ, ಹದಿನೆಂಟು ವರ್ಷದಿಂದ ಇದೇ ಕೆಲಸ. ನನ್ನ ಗಂಡನ ಹೆಸರು ಮರೆತೇನು, ಟ್ಯೂಬಿನ ಮೇಲಿನ ಹೆಸರು ಮರೆಯಲ್ಲ. ಬನ್ನಿ ಅಜ್ಜ, ಇಲ್ಲೇ ನೋಡೇಬಿಡೋಣ." ಮಾವನ ಕೈಯನ್ನು ಮೂಲೆಯ ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತೊಳೆದು, ಒರೆಸಿ, ತನ್ನ ಮೀಟರಿನಲ್ಲಿ ಚುಚ್ಚಿದಳು. "ಅರವತ್ತೆಂಟು! ಅಯ್ಯೋ ಅಜ್ಜ, ಕೈ ನಡುಗ್ತಿದೆಯಾ?"

"ಎರಡು ತಿಂಗಳಿಂದ ನಡುಗ್ತಿದೆ. ನಮ್ಮನೆ ಡಾಕ್ಟರಮ್ಮನ್ನ ಕೇಳಿ."

"ಮೊದಲು ಬಾಯಿಗೆ ಸಿಹಿ ಹಾಕಿ," ಎಂದು ಡಾಕ್ಟರು ಎದ್ದುನಿಂತರು. "ಈಗಲೇ. ಏನಿದೆ?"

ಇದ್ದದ್ದು ಮೇಜಿನ ಮೇಲಿನ ಡಬ್ಬಿಯೊಂದೇ.

ನಾನೇ ಮುಚ್ಚಳ ತೆಗೆದೆ. ಮಾವ ಕೈ ಚಾಚಲಿಲ್ಲ. "ಕಾಗದ ಬಿಚ್ಚಿ ಕೊಡು. ನನಗೆ ಕಣ್ಣು ಕಾಣಲ್ಲ, ನಿನಗೆ ಗೊತ್ತಲ್ಲ." ಒಂದಾದ ಮೇಲೊಂದು ನಾಲ್ಕು ಬಿಚ್ಚಿ ಅವರ ನಾಲಿಗೆಯ ಮೇಲೆ ಇಟ್ಟೆ. ಕಟಕಟನೆ ಅಗಿದರು. ಇಷ್ಟು ವರ್ಷದಲ್ಲಿ ನಾನು ಅವರಿಗೆ ತುತ್ತು ಕೊಟ್ಟದ್ದು ಅದೇ ಮೊದಲು.

ಆದರೂ ನನ್ನ ಹಟ ಬಿಡಲಿಲ್ಲ. ಚೀಲದಿಂದ ಮೀಟರು ತೆಗೆದೆ, ಹತ್ತಿ ಹರಿದೆ, ಒರೆಸಿದೆ, ಚುಚ್ಚಿದೆ, ಮೊದಲ ಹನಿ ಒರೆಸಿ ಎರಡನೆಯದನ್ನು ಮುಟ್ಟಿಸಿದೆ. ಇನ್ನೂರ ಎಪ್ಪತ್ತೆರಡು.

"ನೋಡಿ! ಪೆಪ್ಪರಮಿಂಟು ತಿಂದ ತಕ್ಷಣ ಹೇಗೆ ಏರಿತು!"

"ಬಾಯಲ್ಲಿ ಇನ್ನೂ ಕರಗಿಲ್ಲ, ಬೆರಳಿಗೆ ಬಂದುಬಿಡ್ತಾ? ಬಸ್ಸಲ್ಲಿ ಬಂತಾ?" ಎಂದು ಲ್ಯಾಬಿನಾಕೆ ನನ್ನ ಕೈಯಿಂದ ಮೀಟರು ಕಸಿದುಕೊಂಡಳು. ಕೈ ತೊಳೆದು, ತನ್ನ ಡಬ್ಬಿಯ ಹತ್ತಿಯಿಂದ ಒರೆಸಿ, ನನ್ನ ಮೀಟರಿನಲ್ಲೇ ತನ್ನ ಬೆರಳು ನೋಡಿಕೊಂಡಳು. ತೊಂಬತ್ತೇಳು. ಆಮೇಲೆ ನನ್ನ ಹತ್ತಿಯನ್ನು ಒಂದು ಚೂರು ಹರಿದು ಇನ್ನೊಂದು ಬೆರಳಿಗೆ ತಿಕ್ಕಿ ಚುಚ್ಚಿಕೊಂಡಳು. ಇನ್ನೂರ ಐವತ್ತೊಂಬತ್ತು.

"ಅಯ್ಯಯ್ಯೋ, ನನಗೂ ಬಂತಲ್ಲಮ್ಮ ಕಾಯಿಲೆ! ಎಲ್ಲಿಡ್ತೀರ ಈ ಹತ್ತಿನ?"

ನಾನು ಚೀಲ ತೋರಿಸಿದೆ. ಅವಳು ಅದನ್ನು ಕಿಟಕಿಯ ಹತ್ತಿರ ಒಯ್ದು ಒಂದು ಸಲ ತಟ್ಟಿದಳು. ಬಿಸಿಲುಕೋಲಿನಲ್ಲಿ ಬೆಳ್ಳನೆಯ ಧೂಳು ಎದ್ದು, ಸುತ್ತಿ, ನಿಧಾನವಾಗಿ ಇಳಿಯಿತು.

"ಎಲ್ಲಿ ಕೆಲಸ ನಿಮಗೆ?"

ಉತ್ತರ ಕೊಟ್ಟವರು ಮಾವ, ಪೆಪ್ಪರಮಿಂಟು ಅಗಿಯುತ್ತಲೇ: "ಗ್ಲೂಕೋಸ್ ಫ್ಯಾಕ್ಟರಿ."

ಡಾಕ್ಟರು ನಗಲಿಲ್ಲ. ಮಾತ್ರೆಯನ್ನು ಅರ್ಧಕ್ಕೆ ಇಳಿಸಿ ಬರೆದರು. ನನ್ನನ್ನೂ ಬೈದರು, ತಮ್ಮನ್ನೂ ಬೈದುಕೊಂಡರು: ಅಂಕಿ ಏರಿತೆಂದು ಮಾತ್ರೆ ಏರಿಸಿದೆ, ನಡುಕ, ಬೆವರು ಉಂಟೇ ಎಂದು ಇವರನ್ನೊಂದು ಮಾತು ಕೇಳಲಿಲ್ಲ ಎಂದರು. ಬಚ್ಚಲಲ್ಲಿ ಬಿದ್ದದ್ದನ್ನು ಮಾವ ಹೇಳಿದ ಮೇಲೆ ಪೆಪ್ಪರಮಿಂಟಿನ ಕಡೆ ಕೈ ತೋರಿಸಿದರು: "ಈ ಡಬ್ಬಿ ಇವರ ಹತ್ತಿರ ಇರಬೇಕು. ಇದಿಲ್ಲದೆ ಹೋಗಿದ್ರೆ ಬಚ್ಚಲಲ್ಲಿ ಬಿದ್ದೋರು ಏಳ್ತಿರಲಿಲ್ಲ." ಕಣ್ಣಿನ ಡಾಕ್ಟರಿಗೆ ಅಲ್ಲೇ ಕಾಗದ ಬರೆದುಕೊಟ್ಟರು.

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದೆವು. ತಪ್ಪಾಯಿತು ಎನ್ನಲು ಎರಡು ಸಲ ಅವರ ಕಡೆ ತಿರುಗಿದೆ. ಮಾವ ಅದಕ್ಕೆ ಜಾಗ ಕೊಡಲಿಲ್ಲ. ಇಳಿಯುವ ಹೊತ್ತಿಗೆ ಅಂದರು: "ಮೀಟರ್ ಒಳಗೆ ಸ್ಪ್ರಿಂಗೇ ಇಲ್ಲ ಅಂದಿದ್ದೆ. ಕೆಡೋಕೆ ಅಲ್ಲೇನಿದೆ? ಕೆಟ್ಟಿದ್ದು ಹೊರಗಿಂದು."

ಮೂರನೇ ವಾರ ಬಲಗಣ್ಣಿನ ಪೊರೆ ತೆಗೆದರು. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಆ ಪುಸ್ತಕ. ಹರಿದು ಒಲೆಗೆ ಹಾಕೋಣವೆಂದರೆ ನಲವತ್ತೆಂಟು ಹಾಳೆ, ಅವರದೇ ಹೊಲಿಗೆ. ಕೆಂಪಕ್ಷರದ ಮೇಲೆ ಕಪ್ಪು ಹೊಡೆಯೋಣವೆಂದರೆ ಅದೂ ಸಾಕ್ಷಿಯೇ. ಅಡುಗೆಮನೆಯ ಹಲಗೆಯ ಮೇಲೆ, ಹಳೆಯ ಪಾತ್ರೆಗಳ ಹಿಂದೆ ತಳ್ಳಿದೆ.

ಹದಿನೈದು ದಿನ ಕಳೆದು, ಕನ್ನಡಕ ಬಂದ ಮಧ್ಯಾಹ್ನ ಮಾವ ಕಿಟಕಿಯ ಬಳಿ ಕೂತು ಬಟ್ಟಲಿನ ತಿರುಪುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದರು. ನಾನು ಒಳಗೆ ಕಾಲಿಡುತ್ತಿದ್ದಂತೆ ತಲೆಯೆತ್ತದೆ, "ಪುಸ್ತಕ ತಾ," ಎಂದರು.

ತಂದೆ. ಮಕ್ಕಳಿಬ್ಬರೂ ನೆಲದ ಮೇಲೆ ಪಾಠ ಬರೆಯುತ್ತಿದ್ದರು. ಮಾವ ಕೆಂಪಕ್ಷರ ಮೊದಲು ಕಂಡ ಹಾಳೆಯಿಂದ ಶುರು ಮಾಡಿದರು. ಜೋರಾಗಿ, ಶಾಲೆಯ ಹುಡುಗ ಒಪ್ಪಿಸುವ ಹಾಗೆ. "ಇನ್ನೂರ ಅರವತ್ತೆಂಟು. ಕದ್ದು ತಿಂದಿದ್ದಾರೆ. ಇನ್ನೂರ ಎಂಬತ್ತು. ಬಿಸ್ಕತ್ತಿನ ಡಬ್ಬಿ ಜರುಗಿದೆ." ಒಂದನ್ನೂ ಬಿಡಲಿಲ್ಲ. ಬಚ್ಚಲಲ್ಲಿ ಬಿದ್ದ ದಿನದ್ದು ಬಂತು: "ಇನ್ನೂರ ಎಂಬತ್ತೆಂಟು. ನಾಟಕ." ಆ ಪದ ಬರೆದದ್ದು ನನಗೆ ಮರೆತೇ ಹೋಗಿತ್ತು. ಅಲ್ಲಿ ಹಣೆ ತಡವಿಕೊಂಡರು, ಮುಂದಿನ ಸಾಲಿಗೆ ಹೋದರು. ದೊಡ್ಡವನು ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ.

ಕೊನೆಯ ಸಾಲು ಮುಗಿದ ಮೇಲೆ ಪುಸ್ತಕ ಮುಚ್ಚಿದರು.

"ಅಕ್ಷರ ದುಂಡಗಿದೆ," ಎಂದರು.

"ಮಾವ, ನಾನು—"

"ಮೂರು ಗಂಟೆ ಆಯ್ತು. ಚುಚ್ಚಲ್ವಾ?"

ಮೀಟರು, ಹೊಸ ಹತ್ತಿ ಎರಡೂ ಈಗ ಅವರ ಮೇಜಿನ ಖಾನೆಯಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ. ಬೀಗ ತೆಗೆದು ಎಲ್ಲವನ್ನೂ ಸಾಲಾಗಿ ಜೋಡಿಸಿದರು. ತಮ್ಮ ಕೈಯನ್ನು ಆಗಲೇ ತೊಳೆದಿದ್ದರು. ಕೆಂಪು ಪೆನ್ನಿನ ಮುಚ್ಚಳ ತೆಗೆದು ಪುಸ್ತಕದ ಪಕ್ಕ ಇಟ್ಟರು. ನಾನು ಸ್ಟೂಲು ಎಳೆದುಕೊಳ್ಳಲು ಬಗ್ಗಿದೆ.

"ಇರು. ಸೋಪು ಹಾಕಿ ತೊಳ್ಕೊಂಡು ಬಾ. ಉಗುರಿನ ಸಂದೀನೂ." ಹೊಸ ಕನ್ನಡಕ ಮೂಗಿನ ಮೇಲೆ ಏರಿಸಿ ನನ್ನ ಹುಬ್ಬಿನಿಂದ ಬೆರಳ ತುದಿಯವರೆಗೆ ನೋಡಿದರು. "ನಲ್ಲಿ ಇಲ್ಲಿಂದಲೇ ಕಾಣುತ್ತೆ ನನಗೆ, ಈಗ."